ಕೆಮ್ಮಿ ಒಳಬರುವ ಕಿಟಕಿಗಳು

ನಮ್ಮ ಅಜ್ಜ ತೋಟದಿಂದ ಬಂದರೆ ಜಗಲಿಯಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಅದು ಕಾಯಿಲೆಯ ಕೆಮ್ಮಲ್ಲ, ಬಂದಿದ್ದೇನೆ ಎಂಬ ಸೂಚನೆ. ಒಳಗೆ ಕಾಲು ಚಾಚಿ ಕೂತ ಹೆಂಗಸರು ಸರಿಯಾಗಿ ಕೂರುತ್ತಿದ್ದರು, ಅಜ್ಜಿ ಒಲೆಯ ಮೇಲೆ ನೀರಿಡುತ್ತಿದ್ದಳು, ಲೆಕ್ಕ ಬರೆಯುತ್ತಿದ್ದ ಚಿಕ್ಕಪ್ಪ ತಲೆ ಎತ್ತದೆ ಲೆಕ್ಕ ಮುಂದುವರಿಸುತ್ತಿದ್ದರು. ಯಾರೂ ಮಾಡುತ್ತಿದ್ದ ಕೆಲಸ ಬಿಟ್ಟು ಏಳಬೇಕಾಗಿರಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಹಸು ಕುತ್ತಿಗೆಗೆ ಹಗ್ಗ ಸುತ್ತಿಕೊಂಡ ದಿನ ಇದೇ ಅಜ್ಜ ಅಂಗಳದಿಂದಲೇ ಊರಿಗೆಲ್ಲ ಕೇಳುವಂತೆ ಕೂಗಿದ್ದರು. ಎಲ್ಲಿ ಕೆಮ್ಮಬೇಕು, ಎಲ್ಲಿ ಕೂಗಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನನಗೆ ಅದನ್ನು ಕಲಿಯಲು ಬಹಳ ವರ್ಷ ಹಿಡಿಯಿತು. ನನ್ನ ಕಸುಬು ಕಂಪ್ಯೂಟರ್ ತಂತ್ರಾಂಶ ಬರೆಯುವುದು. ಪರದೆಯ ಮೇಲೆ ತಾನಾಗಿ ಮೂಡಿ, ಏನೋ ಹೇಳಿ ಮಾಯವಾಗುವ ಪುಟ್ಟ ಕಿಟಕಿಗಳನ್ನು ನಾನೂ ಮಾಡಿದ್ದೇನೆ. ಕೆಮ್ಮಬೇಕಾದಲ್ಲಿ ಒಮ್ಮೆ ಕೂಗಿದೆ, ಕೂಗಬೇಕಾದಲ್ಲಿ ಒಮ್ಮೆ ಕೆಮ್ಮಿದೆ. ಎರಡಕ್ಕೂ ದಂಡ ತೆತ್ತವರು ಬೇರೆಯವರು. ಆ ಎರಡು ತಪ್ಪುಗಳ ನಡುವೆ ಕೂತು ಈ ಕಿಟಕಿಗಳ ಚರಿತ್ರೆಯನ್ನು ಓದತೊಡಗಿದಾಗ, ನನಗಿಂತ ಬುದ್ಧಿವಂತರು ಇದೇ ಎರಡು ಗುಂಡಿಗಳಿಗೆ ಸರದಿಯ ಮೇಲೆ ಬಿದ್ದದ್ದು ಕಾಣಿಸಿತು.

ಮೊದಲನೆಯ ತಪ್ಪು 2003ರದ್ದು. ಮಲೆನಾಡಿನ ಒಂದು ಊರಿನ ರಕ್ತಪರೀಕ್ಷೆಯ ಲ್ಯಾಬಿಗೆ ನಾವು ಮೂರು ಜನ ಸೇರಿ ವಿಷುಯಲ್ ಬೇಸಿಕ್‌ನಲ್ಲಿ ಒಂದು ತಂತ್ರಾಂಶ ಮಾಡಿಕೊಟ್ಟಿದ್ದೆವು. ಕೌಂಟರಿನಲ್ಲಿ ಕೂರುತ್ತಿದ್ದ ಮಹಿಳೆ ರಿಜಿಸ್ಟರ್ ನೋಡಿಕೊಂಡು ರೋಗಿಯ ಹೆಸರು, ವಯಸ್ಸು, ಹಿಮೋಗ್ಲೋಬಿನ್, ಸಕ್ಕರೆ ಎಂದು ಒಂದೊಂದೇ ಮನೆ ತುಂಬುತ್ತಾ ಹೋಗುತ್ತಿದ್ದರು. ಪ್ರತಿ ಮನೆಗೂ ಒಂದು ಎಂಟರ್. ಕೈ ಅಷ್ಟು ಪಳಗಿತ್ತು, ಪರದೆ ನೋಡುತ್ತಲೇ ಇರಲಿಲ್ಲ. ಅರ್ಧ ಗಂಟೆಗೊಮ್ಮೆ ಪ್ರಿಂಟ್ ಆಗದೆ ಉಳಿದ ಕರಡುಗಳನ್ನು ಲೆಕ್ಕ ಹಾಕಿ "ತೆಗೆದುಹಾಕಲೇ?" ಎಂದು ಕೇಳುವ ಒಂದು ಕಿಟಕಿಯನ್ನು ನಾನು ಸೇರಿಸಿದ್ದೆ. ಅದರಲ್ಲಿ ಮೊದಲೇ ಆಯ್ಕೆಯಾಗಿದ್ದ ಗುಂಡಿ "ಹೌದು". ಅವರು ಒತ್ತಿದ ಎಂಟರ್ ಸಕ್ಕರೆಯ ಮನೆಗೆ ಹೋಗುವ ಬದಲು ನನ್ನ ಕಿಟಕಿಗೆ ಹೋಯಿತು. ಹದಿನೇಳು ಜನರ ವರದಿ ಅಳಿಸಿಹೋಯಿತು. "ಸಾರ್, ನಾನು ಏನೂ ಮಾಡ್ಲಿಲ್ಲ ಸಾರ್, ಅದೇ ಏನೋ ಕೇಳ್ತು, ಅದೇ ಹೌದು ಅಂತು" ಎಂದು ಫೋನಿನಲ್ಲಿ ಅಳುದನಿಯಲ್ಲಿ ಹೇಳಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ರಿಜಿಸ್ಟರ್ ಇದ್ದದ್ದರಿಂದ ರಾತ್ರಿ ಒಂಬತ್ತರವರೆಗೆ ಕೂತು ಎಲ್ಲವನ್ನೂ ಮತ್ತೆ ತುಂಬಿದರು. ಕೊನೆಯ ಬಸ್ಸು ತಪ್ಪಿತು.

ಕೀಲಿ ಒತ್ತಿದವರ ಮನಸ್ಸಿನಲ್ಲಿ ಒಂದು ಅರ್ಥ, ಯಂತ್ರದಲ್ಲಿ ಇನ್ನೊಂದು ಅರ್ಥ. ಈ ಕಾಯಿಲೆಗೆ ಕಂಪ್ಯೂಟರ್ ಲೋಕದಲ್ಲಿ "ಮೋಡ್" ಎಂಬ ಹೆಸರಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಶಾಲೆಯಲ್ಲಿ ಬ್ರಾವೊ ಎಂಬ ಬರಹ ತಂತ್ರಾಂಶವಿತ್ತು. ಅದರಲ್ಲಿ ಕೀಲಿಗಳು ಒಮ್ಮೆ ಅಕ್ಷರ, ಒಮ್ಮೆ ಆಜ್ಞೆ. ಯಾರಾದರೂ ಮೈಮರೆತು ಆಜ್ಞೆಯ ಸ್ಥಿತಿಯಲ್ಲಿ "ಎಡಿಟ್" ಎಂಬ ಇಂಗ್ಲಿಷ್ ಪದ ಟೈಪಿಸಿದರೆ, "ಇ" ಎಂದರೆ ಎಲ್ಲವನ್ನೂ ಆಯ್ದುಕೋ, "ಡಿ" ಎಂದರೆ ಅಳಿಸು, "ಐ" ಎಂದರೆ ಸೇರಿಸು ಎಂದು ಅದು ಅರ್ಥಮಾಡಿಕೊಳ್ಳುತ್ತಿತ್ತು. ಬರೆದದ್ದೆಲ್ಲ ಹೋಗಿ ಕೊನೆಗೆ "ಟಿ" ಎಂಬ ಒಂದೇ ಅಕ್ಷರ ಉಳಿಯುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್ ಈ ಮೋಡುಗಳ ವಿರುದ್ಧ ಜೀವಮಾನವಿಡೀ ಹೋರಾಡಿದರು. ಕಟ್, ಕಾಪಿ, ಪೇಸ್ಟ್ ಇಂದು ನಾವು ಬಳಸುವ ರೂಪಕ್ಕೆ ಬಂದದ್ದು ಅವರ ಮತ್ತು ಅವರ ಜೊತೆಗಾರರ ಕೆಲಸದಿಂದ. ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೂ ಅವರು "ನೋ ಮೋಡ್ಸ್" ಎಂದೇ ಬರೆಸಿಕೊಂಡಿದ್ದರು. 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಆದರೆ ಟೆಸ್ಲರ್ 1980ರಲ್ಲಿ ಸೇರಿದ ಆಪಲ್ ಕಂಪನಿಯೂ ಮೋಡುಗಳಿಂದ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. 1983ರ ಲೀಸಾ ಮತ್ತು 1984ರ ಮ್ಯಾಕಿಂಟಾಷ್‌ಗಳು ಡಯಲಾಗ್ ಎಂಬ ಪೆಟ್ಟಿಗೆಯನ್ನು ಮನೆಮಾತಾಗಿಸಿದವು. ಪರದೆಯ ಮಧ್ಯೆ ಬಂದು ನಿಲ್ಲುವ ಆ ಪೆಟ್ಟಿಗೆಗೆ ಉತ್ತರ ಕೊಡುವತನಕ ಮುಂದೆ ಹೆಜ್ಜೆಯಿಲ್ಲ. ಲೀಸಾ ಪರೀಕ್ಷೆಯ ಹೊತ್ತಿನ ಒಂದು ಪ್ರಸಂಗವನ್ನು ಆಪಲ್‌ನ ಹಳಬರು ಇಂದಿಗೂ ಹೇಳುತ್ತಾರೆ. ಪೆಟ್ಟಿಗೆಯ ಗುಂಡಿಯ ಮೇಲೆ "ಡು ಇಟ್", ಅಂದರೆ "ಮಾಡು" ಎಂದು ಬರೆದಿತ್ತು. ಬಳಸಲು ಬಂದ ಒಬ್ಬರು ಯಾಕೋ ಸಿಟ್ಟಾಗುತ್ತಿದ್ದರು. ಕೇಳಿದರೆ, ಈ ಯಂತ್ರ ನನ್ನನ್ನು "ಡೋಲ್ಟ್" ಎಂದು ಯಾಕೆ ಕರೆಯುತ್ತಿದೆ ಎಂದರಂತೆ. ಡೋಲ್ಟ್ ಅಂದರೆ ದಡ್ಡ. ಎರಡು ಪದಗಳ ನಡುವಿನ ಜಾಗ ಸಣ್ಣದಾಗಿತ್ತು, ದೊಡ್ಡ "ಐ" ಅಕ್ಷರ ಸಣ್ಣ "ಎಲ್" ಥರ ಕಾಣುತ್ತಿತ್ತು. ಅಂದಿನಿಂದ ಗುಂಡಿಯ ಮೇಲೆ "ಓಕೆ" ಬಂತು. ಪುಟ್ಟ ಕಿಟಕಿಯಲ್ಲಿ ಒಂದು ಕೂದಲೆಳೆಯಷ್ಟು ಜಾಗವೂ ಮರ್ಯಾದೆಯ ಪ್ರಶ್ನೆಯಾಗಬಹುದು.

ಮೈಕ್ರೋಸಾಫ್ಟ್‌ನವರಿಗೂ ಇದೇ ಪೆಟ್ಟು ಬಿತ್ತು. ವಿಂಡೋಸ್ 95ರಲ್ಲಿ ಹಿಂದೆ ಓಡುತ್ತಿರುವ ಯಾವ ಪ್ರೋಗ್ರಾಂ ಬೇಕಾದರೂ ಎದ್ದು ಮುಂದೆ ಬಂದು ನಿಮ್ಮ ಕೀಬೋರ್ಡನ್ನು ಕಸಿದುಕೊಳ್ಳಬಹುದಿತ್ತು. ಪತ್ರಕ್ಕೆಂದು ಟೈಪಿಸಿದ ಸಾಲಿನ ಅರ್ಧ ಇನ್ನೆಲ್ಲೋ ಹೋಗುತ್ತಿತ್ತು. ವಿಂಡೋಸ್ 98 ಮತ್ತು ವಿಂಡೋಸ್ 2000ದಲ್ಲಿ ಅವರು ಒಂದು ಬೀಗ ಹಾಕಿದರು. ನೀವು ಒಂದು ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದರೆ, 200 ಸೆಕೆಂಡು ಕೈ ಸುಮ್ಮನಿರುವತನಕ ಬೇರೆ ಪ್ರೋಗ್ರಾಂ ತಾನಾಗಿ ಮುನ್ನುಗ್ಗುವಂತಿಲ್ಲ. ಬೇಕಿದ್ದರೆ ಕೆಳಗಿನ ಟಾಸ್ಕ್‌ಬಾರಿನಲ್ಲಿ ತನ್ನ ಗುಂಡಿಯನ್ನು ಮಿನುಗಿಸಿಕೊಳ್ಳಲಿ. ಇದೊಂದು ಒಳ್ಳೆಯ ಕಾನೂನು. ಆದರೆ ಹೊರಗಿನವರು ನುಗ್ಗುವುದನ್ನಷ್ಟೇ ಅದು ತಡೆಯುತ್ತಿತ್ತು. ಲ್ಯಾಬಿನಲ್ಲಿ ಎದ್ದು ನಿಂತದ್ದು ಅದೇ ಪ್ರೋಗ್ರಾಮಿನ ಕಿಟಕಿ, ಮನೆಯೊಳಗಿನವನೇ. ಅದನ್ನು ತಡೆಯಬೇಕಾದವನು ನಾನಾಗಿದ್ದೆ.

ಹಾಗಾದರೆ ಅಡ್ಡ ಬಾರದೆ ಹೇಳುವುದು ಹೇಗೆ? ಆ ದಾರಿ ಇನ್ನೂ ಹಳೆಯದು, ಅದು ಶುರುವಾಗುವುದು ಒಂದು ನಾಯಿಯಿಂದ. 1980ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಹೈಡಿ ಸ್ಟೆಟ್ನರ್ ಎಂಬಾಕೆಯ ನಾಯಿ ಬಿಫ್ ಕಂಪ್ಯೂಟರ್ ವಿಭಾಗದಲ್ಲೆಲ್ಲ ಓಡಾಡಿಕೊಂಡಿತ್ತು. ಯುನಿಕ್ಸ್‌ನಲ್ಲಿ ಹೊಸ ಟಪಾಲು ಬಂದರೆ ಹೇಳುವ ಪ್ರೋಗ್ರಾಮಿಗೆ ಆ ನಾಯಿಯ ಹೆಸರನ್ನೇ ಇಟ್ಟರು. ಅಂಚೆಯವನನ್ನು ಕಂಡರೆ ಬೊಗಳುತ್ತಿತ್ತು, ಅದಕ್ಕೇ ಆ ಹೆಸರು ಎಂಬ ಕತೆ ಹುಟ್ಟಿತು. ಹಾಗೇನಿಲ್ಲ ಎಂದು ಆಮೇಲೆ ಸ್ಟೆಟ್ನರ್ ಅವರೇ ಹೇಳಿದರು. ಪ್ರೋಗ್ರಾಂ ಮಾತ್ರ ನಿಜಕ್ಕೂ ಬೊಗಳುತ್ತಿತ್ತು. ನೀವು ಏನು ಬರೆಯುತ್ತಿದ್ದರೂ ಅದರ ನಟ್ಟನಡುವೆ ಹೊಸ ಟಪಾಲಿನ ಮೊದಲ ಸಾಲುಗಳು ಬಂದು ಬೀಳುತ್ತಿದ್ದವು. ಆದರೆ ಒಂದು ಮುಖ್ಯ ಸೌಲಭ್ಯವಿತ್ತು. ಆಜ್ಞೆಯ ಮುಂದೆ ಒಂದಕ್ಷರ ಸೇರಿಸಿದರೆ ನಾಯಿ ಬೊಗಳುತ್ತಿತ್ತು, ಇನ್ನೊಂದಕ್ಷರ ಸೇರಿಸಿದರೆ ಸುಮ್ಮನಾಗುತ್ತಿತ್ತು. ಬೊಗಳಿಸುವ ಹಕ್ಕು ನಾಯಿ ಸಾಕಿದವರ ಕೈಯಲ್ಲಿತ್ತು.

ಚಿತ್ರಮಯ ಪರದೆಗಳು ಬಂದ ಮೇಲೆ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಅದರ ಮರಿ ಹುಟ್ಟಿತು, ಹೆಸರು ಎಕ್ಸ್‌ಬಿಫ್. 48 ಚುಕ್ಕಿ ಅಗಲ, 48 ಚುಕ್ಕಿ ಎತ್ತರದ ಒಂದು ಚೌಕದಲ್ಲಿ ಅಮೆರಿಕದ ಹಳ್ಳಿಮನೆಗಳ ಮುಂದಿರುವಂಥ ಟಪಾಲು ಡಬ್ಬಿಯ ಚಿತ್ರ. ಟಪಾಲು ಬಂದರೆ ಡಬ್ಬಿಯ ಬಾವುಟ ಮೇಲೇಳುತ್ತಿತ್ತು. ಮಾತಿಲ್ಲ, ಪ್ರಶ್ನೆಯಿಲ್ಲ, ಗುಂಡಿಯಿಲ್ಲ. ನೀವು ಈಗ ನೋಡಿದರೂ ಸರಿ, ಊಟ ಮುಗಿಸಿ ಬಂದು ನೋಡಿದರೂ ಸರಿ, ಬಾವುಟ ಎದ್ದೇ ಇರುತ್ತಿತ್ತು. ಇಷ್ಟು ಸಭ್ಯವಾದ ಕಿಟಕಿಗಳು ಆಮೇಲೆ ಕಡಿಮೆ.

ಈ ಸಭ್ಯತೆಗೆ ಒಂದು ಸಿದ್ಧಾಂತ ಕೊಟ್ಟವರು ಮತ್ತೆ ಝೆರಾಕ್ಸ್ ಪಾರ್ಕ್‌ನವರು. ಅಲ್ಲಿನ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ "ಶಾಂತ ತಂತ್ರಜ್ಞಾನ"ದ ಬಗ್ಗೆ ಬರೆದರು. ನಮ್ಮ ಗಮನಕ್ಕೆ ಒಂದು ಕೇಂದ್ರವಿದೆ, ಒಂದು ಅಂಚಿದೆ. ಕಾರು ಓಡಿಸುವಾಗ ಇಂಜಿನ್ನಿನ ಸದ್ದು ಅಂಚಿನಲ್ಲಿರುತ್ತದೆ. ಸದ್ದು ಬದಲಾದ ಕ್ಷಣ ಅದು ತಾನಾಗಿ ಕೇಂದ್ರಕ್ಕೆ ಬರುತ್ತದೆ. ಒಳ್ಳೆಯ ಸಾಧನ ಹೀಗೆ ಅಂಚಿಗೂ ಕೇಂದ್ರಕ್ಕೂ ಸಲೀಸಾಗಿ ಓಡಾಡಬೇಕು ಎಂಬುದು ಅವರ ವಾದ. ಅವರು ಕೊಟ್ಟ ಉದಾಹರಣೆ ಕಲಾವಿದೆ ನಟಾಲಿ ಜೆರೆಮಿಯೆಂಕೊ ಮಾಡಿದ್ದ ಒಂದು ದಾರ. ಕಚೇರಿಯ ಮೂಲೆಯಲ್ಲಿ, ಚಾವಣಿಯ ಪುಟ್ಟ ಮೋಟಾರಿನಿಂದ ಎಂಟು ಅಡಿಯ ಪ್ಲಾಸ್ಟಿಕ್ ದಾರ ತೂಗುತ್ತಿತ್ತು. ಮೋಟಾರಿಗೆ ಕಚೇರಿಯ ನೆಟ್‌ವರ್ಕ್ ತಂತಿಯ ಸಂಪರ್ಕ. ತಂತಿಯಲ್ಲಿ ಮಾಹಿತಿ ಹರಿದಂತೆ ದಾರ ಮಿಸುಕುತ್ತಿತ್ತು, ನೆಟ್‌ವರ್ಕ್ ದಟ್ಟವಾದರೆ ಬಿರುಸಾಗಿ ಸುತ್ತುತ್ತಿತ್ತು. ಯಾರೂ ಅದನ್ನು ದಿಟ್ಟಿಸುತ್ತಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ವೈಸರ್ 1999ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಶಾಂತ ತಂತ್ರಜ್ಞಾನ ಎಂಬ ಮಾತು ಉಳಿಯಿತು, ಶಾಂತಿ ಉಳಿಯಲಿಲ್ಲ.

ಯಾಕೆಂದರೆ ಅದೇ ಹೊತ್ತಿಗೆ ಕ್ಲಿಪ್ಪಿ ಬಂದಿತ್ತು. ಆಫೀಸ್ 97 ಬಳಸಿದವರಿಗೆಲ್ಲ ಆ ಕಾಗದದ ಕ್ಲಿಪ್ಪು ಗೊತ್ತು. ಕಣ್ಣು ಪಿಳಿಪಿಳಿ ಮಾಡುತ್ತಾ, ಪತ್ರ ಬರೆಯುತ್ತಿದ್ದೀರಾ, ಸಹಾಯ ಬೇಕಾ ಎಂದು ಪ್ರತಿಸಲವೂ ಮೊದಲ ಸಲದ ಉತ್ಸಾಹದಲ್ಲೇ ಕೇಳುತ್ತಿತ್ತು. ಇದರ ಹಿಂದೆ ಮೈಕ್ರೋಸಾಫ್ಟ್ ಸಂಶೋಧಕ ಎರಿಕ್ ಹಾರ್ವಿಟ್ಜ್ ಮತ್ತು ಸಂಗಡಿಗರ ಗಂಭೀರ ಅಧ್ಯಯನವಿತ್ತು. ಬಳಸುವವರಿಗೆ ಈಗ ನೆರವು ಬೇಕೇ ಎಂಬುದನ್ನು ಸಂಭವನೀಯತೆಯ ಲೆಕ್ಕದಿಂದ ಊಹಿಸುವ ಪ್ರಯತ್ನ ಅದು. ಆದರೆ ಗ್ರಾಹಕರ ಕೈಸೇರಿದ ಕ್ಲಿಪ್ಪಿನೊಳಗೆ ಆ ಲೆಕ್ಕದ ಬಹುಪಾಲು ಇರಲಿಲ್ಲ. ನಿಮ್ಮ ಹಿಂದಿನ ಉತ್ತರ ಅದಕ್ಕೆ ನೆನಪಿರುತ್ತಿರಲಿಲ್ಲ. ಹತ್ತು ಸಲ ಬೇಡ ಎಂದವರನ್ನು ಹನ್ನೊಂದನೆಯ ಸಲವೂ ಕೇಳುವುದು ನೆರವಲ್ಲ, ಕಾಟ. ಹಾರ್ವಿಟ್ಜ್ 1999ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಹೇಳುವುದರಿಂದ ಆಗುವ ಲಾಭವನ್ನು ಅಡ್ಡಿಪಡಿಸುವುದರಿಂದ ಆಗುವ ನಷ್ಟದ ಎದುರು ತೂಗಿಯೇ ಯಂತ್ರ ಬಾಯಿ ತೆರೆಯಬೇಕು ಎಂದು ವಾದಿಸಿದರು. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಕ್ಲಿಪ್ಪಿಯನ್ನು ಬದಿಗೆ ಸರಿಸಿದ ಮೈಕ್ರೋಸಾಫ್ಟ್, ಅದನ್ನು ಗೇಲಿ ಮಾಡಿಯೇ ಜಾಹೀರಾತು ಕೊಟ್ಟಿತು. ಆಫೀಸ್ 2007ರ ಹೊತ್ತಿಗೆ ಅದು ಪೂರ್ತಿ ಹೋಯಿತು.

ಕ್ಲಿಪ್ಪಿ ಮಂಕಾಗುವ ಕಾಲಕ್ಕೆ ಸರಿಯಾಗಿ ಪರದೆಯ ಕೆಳಗಿನ ಬಲಮೂಲೆಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1999ರ ಜುಲೈನಲ್ಲಿ ಎಂಎಸ್‌ಎನ್ ಮೆಸೆಂಜರ್ ಬಂತು. ಗೆಳೆಯರು ಆನ್‌ಲೈನ್ ಬಂದರೆ ಗಡಿಯಾರದ ಮೇಲುಗಡೆಯಿಂದ ಒಂದು ಪುಟ್ಟ ಕಿಟಕಿ ಮೇಲೇರಿ, ಕೆಲವು ಸೆಕೆಂಡು ನಿಂತು, ತಾನಾಗಿ ಇಳಿದುಹೋಗುತ್ತಿತ್ತು. ಟೋಸ್ಟರಿನಿಂದ ಬ್ರೆಡ್ಡು ಮೇಲೇಳುವಂತೆ ಕಂಡದ್ದರಿಂದ ಅದಕ್ಕೆ "ಟೋಸ್ಟ್" ಎಂಬ ಹೆಸರೇ ಬಿತ್ತು. ಆ ಹೆಸರು ಎಷ್ಟು ಗಟ್ಟಿಯಾಯಿತೆಂದರೆ 2008ರ ಮೊದಲ ಆಂಡ್ರಾಯ್ಡ್‌ನಲ್ಲೂ 2012ರ ವಿಂಡೋಸ್ 8ರಲ್ಲೂ ಪ್ರೋಗ್ರಾಮರುಗಳು ಬರೆಯಬೇಕಾದ ಪದ ಅದೇ. ಆಂಡ್ರಾಯ್ಡ್ ಟೋಸ್ಟಿಗೆ ಎರಡೇ ಆಯಸ್ಸು, ಗಿಡ್ಡ ಅಂದರೆ 2 ಸೆಕೆಂಡು, ಉದ್ದ ಅಂದರೆ 3.5 ಸೆಕೆಂಡು.

ಟೋಸ್ಟ್ ಮೂಲೆಯನ್ನು ಆರಿಸಿಕೊಂಡದ್ದಕ್ಕೆ ಕಣ್ಣಿನ ರಚನೆಯೂ ಒಂದು ಸಮರ್ಥನೆ. ನಾವು ನಿಚ್ಚಳವಾಗಿ ಕಾಣುವುದು ಬಹಳ ಸಣ್ಣ ಜಾಗವನ್ನು. ತೋಳು ಚಾಚಿ ಹೆಬ್ಬೆರಳು ಎತ್ತಿದರೆ ಅದರ ಉಗುರಿನಷ್ಟು. ಉಳಿದದ್ದೆಲ್ಲ ಮಸುಕು. ಆದರೆ ಆ ಮಸುಕಿನ ಅಂಚು ಚಲನೆಯನ್ನು ಚೆನ್ನಾಗಿ ಗುರುತಿಸುತ್ತದೆ, ಪೊದೆಯಲ್ಲಿ ಏನೋ ಸರಿದರೆ ತಟ್ಟನೆ ತಿರುಗುವಂತೆ. ಆದ್ದರಿಂದ ಮೂಲೆಯ ಕಿಟಕಿ ಜಾರುತ್ತಾ, ಮಿನುಗುತ್ತಾ ಬಂದರೆ ಕಣ್ಣು ಹೋಗಿಯೇ ಹೋಗುತ್ತದೆ. ನಿಧಾನವಾಗಿ ಮೂಡಿದರೆ ಓದುತ್ತಿರುವ ಸಾಲು ಮುಗಿಸುವಷ್ಟು ಬಿಡುವು ಸಿಗುತ್ತದೆ. ಕಿಟಕಿ ಎಷ್ಟು ಚಿಕ್ಕದು ಎಂಬುದಕ್ಕಿಂತ ಹೇಗೆ ಬರುತ್ತದೆ ಎಂಬುದು ಹೆಚ್ಚು ಮುಖ್ಯ ಎಂದು ನನಗೆ ತಿಳಿದದ್ದು ತಡವಾಗಿ.

ಲ್ಯಾಬಿನ ಆ ಮಹಿಳೆಯ ಕೊನೆಯ ಬಸ್ಸು ತಪ್ಪಿಸಿದ ಪಶ್ಚಾತ್ತಾಪದಲ್ಲಿ ನಾನು ಟೋಸ್ಟಿಗೆ ಶರಣಾದೆ. ಕೇಳುವ ಪೆಟ್ಟಿಗೆಗಳನ್ನೆಲ್ಲ ಕಿತ್ತುಹಾಕಿ ಮೂಲೆಯಲ್ಲಿ ಏರಿ ಇಳಿಯುವ ಕಿಟಕಿ ಬರೆದೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಕನ್ನಡ. ಆಗ ನಮ್ಮ ಕನ್ನಡವೆಲ್ಲ ನುಡಿ, ಬರಹದಂಥ ಫಾಂಟುಗಳ ಮೇಲೆ ನಿಂತಿತ್ತು. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಹೊದೆಸಿದ್ದು ಕನ್ನಡದ ರೂಪ. ವಿಂಡೋಸ್‌ನ ಸಿದ್ಧ ಸಂದೇಶಪೆಟ್ಟಿಗೆ ತನ್ನದೇ ಫಾಂಟು ಬಳಸುತ್ತಿದ್ದುದರಿಂದ ಅದರಲ್ಲಿ ಕನ್ನಡ ಹಾಕಿದರೆ ಅರ್ಥವಿಲ್ಲದ ಲಿಪಿಗಳ ಕಲಸುಮೇಲೋಗರ ಕಾಣುತ್ತಿತ್ತು. ನನಗೆ ಕನ್ನಡ ತೋರಿಸಬೇಕೆಂದರೆ ಕಿಟಕಿಯನ್ನು ಕೈಯಾರೆ ಮಾಡಬೇಕಿತ್ತು. ಮಾಡಿದೆ. ಇಂಗ್ಲಿಷಿಗೆ ಸರಿಹೋಗುವ ಎತ್ತರ ಇಟ್ಟಿದ್ದೆ, ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋದವು. "ತಪ್ಪು" ಎಂಬುದು "ತಪು" ಆಯಿತು, "ಮತ್ತೆ" ಎಂಬುದು "ಮತೆ" ಆಯಿತು. ಸಾಲಿನ ಎತ್ತರ ಹೆಚ್ಚಿಸಿದೆ. ನಮ್ಮ ಪದಗಳು ಉದ್ದ, ಎರಡು ಸಾಲು ಬೇಕಾಯಿತು. ನಾಲ್ಕು ಸೆಕೆಂಡು ನಿಲ್ಲಿಸಿದೆ. ಕೀಬೋರ್ಡ್ ಮುಟ್ಟಲಿಲ್ಲ, ಸದ್ದು ಮಾಡಲಿಲ್ಲ. ಎಷ್ಟು ಸಭ್ಯ ಕಿಟಕಿ ಎಂದು ನನಗೇ ಹೆಮ್ಮೆಯಾಯಿತು.

ಆ ಕಿಟಕಿ ದಿನವೂ ಸಂಜೆ ಹೇಳುತ್ತಿದ್ದ ಮಾತುಗಳಲ್ಲಿ ಒಂದು ಬ್ಯಾಕಪ್ಪಿನದು. "ಬ್ಯಾಕಪ್ ಆಯಿತು" ಅಥವಾ "ಬ್ಯಾಕಪ್ ಆಗಲಿಲ್ಲ". 2005ರ ಮಳೆಗಾಲದಲ್ಲಿ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ದಿನ, ಲ್ಯಾಬಿನ ಹಾರ್ಡ್ ಡಿಸ್ಕ್ ಸತ್ತಿತು. ಬ್ಯಾಕಪ್ ತೆಗೆದು ನೋಡಿದರೆ ಕೊನೆಯದು ನಲವತ್ತು ದಿನ ಹಿಂದಿನದು. ಅಷ್ಟೂ ದಿನ ನನ್ನ ಸಭ್ಯ ಕಿಟಕಿ ಪ್ರತಿ ಸಂಜೆ ನಾಲ್ಕು ಸೆಕೆಂಡು ಎದ್ದು ನಿಂತು "ಆಗಲಿಲ್ಲ" ಎಂದು ಹೇಳಿ ಇಳಿದುಹೋಗಿತ್ತು. ನಾನು ಓಡಿ ಹೋದೆ. ಆ ಮಹಿಳೆ ಬೈಯಲಿಲ್ಲ. "ಮೂಲೇಲಿ ಏನೋ ಬಂದು ಹೋಗ್ತಿತ್ತು ಸಾರ್. ಜಾಹೀರಾತು ಅಂದ್ಕೊಂಡೆ" ಎಂದರು.

ಅವರು ಹಾಗೆ ಅಂದುಕೊಂಡದ್ದರಲ್ಲಿ ಏನು ತಪ್ಪು? ಅಷ್ಟು ಹೊತ್ತಿಗೆ ಪಾಪ್-ಅಪ್ ಎಂದರೇ ಜಾಹೀರಾತು ಎಂಬಂತಾಗಿತ್ತು. 1990ರ ದಶಕದಲ್ಲಿ ಟ್ರೈಪಾಡ್ ಎಂಬ ಜಾಲತಾಣದಲ್ಲಿದ್ದ ಈಥನ್ ಝುಕರ್‌ಮನ್ ಜಾಹೀರಾತನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಒಂದು ಕಾರು ಕಂಪನಿಯ ಜಾಹೀರಾತು ಅಶ್ಲೀಲ ಪುಟದ ಮೇಲೆ ಕಾಣಿಸಿಕೊಂಡು ರಂಪವಾದಾಗ, ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲ ಎಂದು ತೋರಿಸಲು ಹೊಳೆದ ಉಪಾಯವಂತೆ ಅದು. 2014ರಲ್ಲಿ ಅವರು ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಲೇಖನ ಬರೆದು ಕ್ಷಮೆ ಕೇಳಿದರು. ಆ ಕಾಟ ಎಷ್ಟಾಯಿತೆಂದರೆ 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕಿನ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರಿಗೇ ಪಾಪ್-ಅಪ್ ತಡೆಯುವ ವ್ಯವಸ್ಥೆ ಸೇರಿಸಬೇಕಾಯಿತು.

ಎಕ್ಸ್‌ಪಿಯೂ ತಾನೇನು ಕಡಿಮೆಯಿಲ್ಲ. ಗಡಿಯಾರದ ಪಕ್ಕದಿಂದ ಹಳದಿ ಬಲೂನು ಊದಿಕೊಳ್ಳುತ್ತಿತ್ತು. ನಿಮ್ಮ ಡೆಸ್ಕ್‌ಟಾಪಿನಲ್ಲಿ ಬಳಸದ ಐಕಾನುಗಳಿವೆ. ಎಕ್ಸ್‌ಪಿಯ ಪರಿಚಯ ಪ್ರವಾಸ ಮಾಡಿ. ನಿಮ್ಮ ಕಂಪ್ಯೂಟರಿಗೆ ಅಪಾಯವಿರಬಹುದು. ಐಕಾನಿಗೂ ಅಪಾಯಕ್ಕೂ ಒಂದೇ ಬಲೂನು, ಒಂದೇ ದನಿ. ಇಂಥದೆಲ್ಲ ನೂರು ಸಲ ಕಂಡ ಕಣ್ಣು ಆ ಮೂಲೆಯನ್ನೇ ನೋಡದಿರಲು ಕಲಿಯುತ್ತದೆ. ಮೂಲೆಯ ಆ ಪುಟ್ಟ ಜಾಗ ಊರಿನ ಗೋಮಾಳದಂತೆ ಎಲ್ಲರಿಗೂ ಸೇರಿದ್ದು. ಎಲ್ಲರೂ ದನ ಮೇಯಿಸಿದರು, ಹುಲ್ಲು ಮುಗಿದಿತ್ತು. ನನ್ನ ಬಡಪಾಯಿ ಸಂದೇಶ ಹೋಗಿ ನಿಂತದ್ದು ಆ ಬಟ್ಟ ಬಯಲಿನಲ್ಲಿ.

ಈ ಗೋಮಾಳಕ್ಕೆ ಬೇಲಿ ಹಾಕುವ ಪ್ರಯತ್ನಗಳು ಅದೇ ಕಾಲದಲ್ಲಿ ನಡೆದಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು. 2004ರಲ್ಲಿ ಮ್ಯಾಕ್ ಬಳಕೆದಾರರಿಗಾಗಿ ಕೆಲವು ಸ್ವಯಂಸೇವಕರು ಗ್ರೌಲ್ ಎಂಬ ತಂತ್ರಾಂಶ ಮಾಡಿದರು. ಬೊಗಳುವ ಬಿಫ್ ಆದ ಮೇಲೆ ಗುರುಗುಟ್ಟುವ ಗ್ರೌಲ್. ಪ್ರತಿ ಪ್ರೋಗ್ರಾಂ ತನ್ನದೇ ಕಿಟಕಿ ಮಾಡಿಕೊಳ್ಳುವ ಬದಲು ಗ್ರೌಲ್‌ಗೆ ಹೇಳಬೇಕು, ಗ್ರೌಲ್ ತೋರಿಸುತ್ತದೆ. ಯಾವ ಪ್ರೋಗ್ರಾಮಿನ ಯಾವ ಮಾತು ಕಾಣಬೇಕು, ಎಲ್ಲಿ, ಹೇಗೆ, ಎಷ್ಟು ಹೊತ್ತು ಎಂಬ ತೀರ್ಮಾನ ಬಳಸುವವರದು. ಬಿಫ್ ನಾಯಿಯ ಹಗ್ಗವನ್ನು ಮತ್ತೆ ಯಜಮಾನನ ಕೈಗೆ ಕೊಟ್ಟಂತೆ. 2012ರಲ್ಲಿ ಆಪಲ್ ತನ್ನದೇ ನೋಟಿಫಿಕೇಷನ್ ಸೆಂಟರನ್ನು ಮ್ಯಾಕ್‌ಗೆ ತಂದಿತು. ಗ್ರೌಲ್ ತಂಡ 2020ರ ನವೆಂಬರಿನಲ್ಲಿ ವಿದಾಯ ಹೇಳಿತು.

ನನಗೆ ಪಾಠ ಕಲಿಸಿದ್ದು ಮಾತ್ರ 2009ರ ಏಪ್ರಿಲ್‌ನ ಉಬುಂಟು 9.04. ಮಾರ್ಕ್ ಶಟಲ್‌ವರ್ತ್ ನೇತೃತ್ವದ ಅದರ ವಿನ್ಯಾಸಕಾರರು ಒಂದು ಕಟ್ಟುನಿಟ್ಟಿನ ನಿಯಮ ತಂದರು. ಮೇಲಿನ ಬಲಮೂಲೆಯಲ್ಲಿ ಮೂಡುವ ಕಪ್ಪು ಗುಳ್ಳೆಯಲ್ಲಿ ಗುಂಡಿಗಳೇ ಇರುವುದಿಲ್ಲ. ಮುಚ್ಚುವ ಗುರುತೂ ಇಲ್ಲ. ಮೌಸ್ ಹತ್ತಿರ ಹೋದರೆ ಗುಳ್ಳೆ ಪಾರದರ್ಶಕವಾಗುತ್ತದೆ, ಅದರ ಹಿಂದಿರುವುದನ್ನು ಗುಳ್ಳೆಯ ಮೂಲಕವೇ ಒತ್ತಬಹುದು. ಇದ್ದೂ ಇಲ್ಲದ ಹಾಗೆ. ಬಹಳ ಜನ ಬೈದರು. ಮುಚ್ಚಲಾಗದು, ಒತ್ತಲಾಗದು, ಮತ್ತೆ ನೋಡಲಾಗದು, ಇದೆಂಥ ಕಿಟಕಿ ಎಂದರು. ಆ ಬೈಗುಳದಲ್ಲೂ ಹುರುಳಿತ್ತು. ಆದರೆ ನಿಯಮದ ಹಿಂದಿನ ತರ್ಕ ನನಗೆ ತಟ್ಟಿತು. ತಾನಾಗಿ ಮಾಯವಾಗುವ ಕಿಟಕಿಯಲ್ಲಿ ತಪ್ಪಿಹೋದರೂ ಪರವಾಗಿಲ್ಲ ಎನ್ನುವ ಮಾತನ್ನಷ್ಟೇ ಹಾಕಬೇಕು. ಹಾಡು ಬದಲಾಯಿತು, ಗೆಳೆಯ ಬಂದ, ವೈಫೈ ಸಿಕ್ಕಿತು. ಯಾರಾದರೂ ಏನಾದರೂ ಮಾಡಲೇಬೇಕಾದ ವಿಷಯವಿದ್ದರೆ ಅದಕ್ಕೆ ಗುಳ್ಳೆಯಲ್ಲಿ ಜಾಗವಿಲ್ಲ, ಅದಕ್ಕೆ ಉಳಿದು ನಿಲ್ಲುವ ಜಾಗ ಬೇಕು. ನನ್ನ "ಬ್ಯಾಕಪ್ ಆಗಲಿಲ್ಲ" ಈ ಪರೀಕ್ಷೆಯಲ್ಲಿ ಮೊದಲ ದಿನವೇ ಫೇಲಾಗಬೇಕಿತ್ತು.

ಅಮೆರಿಕದ ನೌಕಾಪಡೆಯ ಪ್ರಯೋಗಾಲಯದ ಡೇನಿಯಲ್ ಮೆಕ್‌ಫಾರ್ಲೇನ್ ಹತ್ತು ವರ್ಷ ಮೊದಲೇ ಇದನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿದ್ದರು. ಅಡ್ಡಿಪಡಿಸಲು ನಾಲ್ಕು ದಾರಿಗಳಿವೆ. ತಕ್ಷಣ ನುಗ್ಗುವುದು, ಬಂದಿದ್ದೇನೆ ಎಂದು ತಿಳಿಸಿ ಅವರ ಅನುಕೂಲಕ್ಕೆ ಕಾಯುವುದು, ಮಧ್ಯವರ್ತಿಯ ಮೂಲಕ ಹೇಳಿಸುವುದು, ಗೊತ್ತಾದ ಹೊತ್ತಿಗಷ್ಟೇ ಹೇಳುವುದು. ಒಟ್ಟಾರೆ ನೋಡಿದರೆ ತಿಳಿಸಿ ಕಾಯುವ ದಾರಿಯೇ ಮೇಲು, ಆದರೆ ಕೂಡಲೇ ಉತ್ತರ ಬೇಕಾದಲ್ಲಿ ಅದು ಸೋಲುತ್ತದೆ ಎಂದು ಅವರ ಪ್ರಯೋಗ ತೋರಿಸಿತು. 2008ರಲ್ಲಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಕಂಡುಕೊಂಡದ್ದು ಇನ್ನೂ ವಿಚಿತ್ರ. ಅಡ್ಡಿಪಡಿಸಿದರೆ ಜನ ಕೆಲಸವನ್ನು ಬೇಗನೇ ಮುಗಿಸುತ್ತಾರೆ, ಗುಣಮಟ್ಟವೂ ಕೆಡುವುದಿಲ್ಲ. ಆದರೆ ಒತ್ತಡ, ಕಿರಿಕಿರಿ ಹೆಚ್ಚುತ್ತದೆ. ಅಂದರೆ ಕೆಲಸದ ಲೆಕ್ಕಪುಸ್ತಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ, ಕೆಲಸ ಮಾಡುವವರ ಮೈಯಲ್ಲಿ ಕಾಣುತ್ತದೆ.

ಆಮೇಲಿನದು ನಿಮಗೆ ಗೊತ್ತೇ ಇರುವ ಕತೆ. ಮೊಬೈಲ್ ಬಂತು, ಮೂಲೆಯ ಕಿಟಕಿ ಜೇಬಿಗೆ ಇಳಿಯಿತು. ನೋಟಿಫಿಕೇಷನ್ ಕಳಿಸಲೇ ಎಂದು ಅನುಮತಿ ಕೇಳುವ ಪುಟ್ಟ ಕಿಟಕಿಯೇ ದೊಡ್ಡ ಕಾಟವಾಗಿ, 2020ರ ಆರಂಭದಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಆ ಕೇಳುವಿಕೆಯನ್ನೇ ಅಡಗಿಸುವ ಏರ್ಪಾಡು ಮಾಡಿದವು. ಈಗ ಸದ್ದಡಗಿಸುವುದಕ್ಕೇ ಫೋನಿನಲ್ಲಿ ಪುಟಗಟ್ಟಲೆ ಸೆಟ್ಟಿಂಗ್ಸ್ ಇವೆ.

ನಾನು ಮಾಡಿದ್ದೇನು? ಹಾರ್ಡ್ ಡಿಸ್ಕ್ ಸತ್ತ ವಾರವೇ ಲ್ಯಾಬಿನ ತಂತ್ರಾಂಶದ ಮೇಲಂಚಿನಲ್ಲಿ ಒಂದು ತೆಳು ಪಟ್ಟಿ ಸೇರಿಸಿದ್ದೆ. "ಕೊನೆಯ ಬ್ಯಾಕಪ್: ನಿನ್ನೆ ಸಂಜೆ 6.30." ಅಷ್ಟೇ. ಅದು ಎಲ್ಲಿಂದಲೋ ಹಾರಿ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಒಂದು ದಿನ ತಪ್ಪಿದರೆ ಹಳದಿಯಾಗುತ್ತದೆ. ಮೂರು ದಿನ ತಪ್ಪಿದರೆ ಕೆಂಪಾಗುತ್ತದೆ, ಬೆಳಿಗ್ಗೆ ಮೊದಲ ರೋಗಿಯ ಹೆಸರು ತುಂಬುವ ಮುನ್ನ ಕೆಲಸ ನಿಲ್ಲಿಸಿ ಹೇಳುತ್ತದೆ. ಆಗಲೂ ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ, ಮೌಸ್ ಹಿಡಿದು "ತಿಳಿಯಿತು" ಎಂಬುದನ್ನೇ ಒತ್ತಬೇಕು. ಆ ನಲವತ್ತು ದಿನಗಳ ವರದಿಗಳನ್ನು ನಾನೂ ಆ ಮಹಿಳೆಯೂ ಎರಡು ಭಾನುವಾರ ಕೂತು ರಿಜಿಸ್ಟರ್ ನೋಡಿ ತುಂಬಿದೆವು. ಅವರು ಓದುತ್ತಿದ್ದರು, ನಾನು ಟೈಪಿಸುತ್ತಿದ್ದೆ. ನನ್ನ ಕಿಟಕಿಗಳ ಎದುರು ಹಾಗೆ ಇಡೀ ದಿನ ಕೂತದ್ದು ಅದೇ ಮೊದಲು.

ಎರಡನೆಯ ಭಾನುವಾರ ಸಂಜೆ ಪಟ್ಟಿ ಹಸಿರಾಗಿತ್ತು. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡುತ್ತಾ ಪರದೆಯ ಕಡೆ ನೋಡಿ, "ಇದು ಪರವಾಗಿಲ್ಲ ಸಾರ್. ಕರೆಯಲ್ಲ, ಆದ್ರೆ ಇಲ್ಲೇ ಇದೆ ಅಂತ ಗೊತ್ತಾಗತ್ತೆ" ಎಂದರು. ಅಜ್ಜ ಜಗಲಿಯಲ್ಲಿ ನಿಂತು ಕೆಮ್ಮುತ್ತಿದ್ದದ್ದು ನೆನಪಾಯಿತು. ಹೇಳಲಿಲ್ಲ. ಅವರಿಗೆ ಕೊನೆಯ ಬಸ್ಸಿಗೆ ಹೊತ್ತಾಗಿತ್ತು.